ಚಲನಚಿತ್ರ ಪರಿಕರಗಳ ಪ್ರತಿಕೃತಿಗಳು ಮತ್ತು ಅವುಗಳ ಮರುಮಾರಾಟದ ಬೆಲೆ

ಚಲನಚಿತ್ರದಲ್ಲಿ ಪಾತ್ರಧಾರಿ ಕೈಯಲ್ಲಿ ಹಿಡಿದ, ಮೈಮೇಲೆ ತೊಟ್ಟ ಅಥವಾ ದೃಶ್ಯದಲ್ಲಿ ಎದ್ದು ಕಂಡ ವಸ್ತುವನ್ನು ಅಳತೆ, ಆಕಾರ, ಬಣ್ಣಗಳಲ್ಲಿ ಯಥಾವತ್ತಾಗಿ ಮತ್ತೆ ತಯಾರಿಸಿದರೆ ಅದು ಪರಿಕರದ ಪ್ರತಿಕೃತಿ. ಇದು ಆಟಿಕೆಯಲ್ಲ, ಸಾಮಾನ್ಯವಾಗಿ ಪೂರ್ಣ ಗಾತ್ರದ್ದು, ಕೊಳ್ಳುವವರೂ ಬಹುಪಾಲು ದುಡಿಯುವ ವಯಸ್ಸಿನವರು. ಖಡ್ಗ, ಶಿರಸ್ತ್ರಾಣ, ಮಂತ್ರದಂಡ, ಬಂದೂಕು, ಉಂಗುರ, ಪಾದರಕ್ಷೆ, ಚಿತ್ರೀಕರಣಕ್ಕೆ ಬಳಸಿದ ನೌಕೆಗಳ ಮಾದರಿ ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಮೊದಲು ಕೊಂಡವರು ಅದನ್ನು ಇನ್ನೊಬ್ಬರಿಗೆ ದಾಟಿಸಿದಾಗ ಕೈಗೆ ಬರುವ ಹಣವೇ ಮರುಮಾರಾಟದ ಬೆಲೆ. ಚಿತ್ರ ಹೆಸರುವಾಸಿಯಾದಷ್ಟೂ ಪ್ರತಿಕೃತಿಗೆ ಬೆಲೆ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಮಾರುಕಟ್ಟೆ ಅದನ್ನು ಸಮರ್ಥಿಸುವುದಿಲ್ಲ. ತಯಾರಿಕೆ ನಿಂತಿದೆಯೇ, ಮೂಲದ ಬಗ್ಗೆ ಈಗ ತಿಳಿದಿರುವುದಕ್ಕೆ ಅದು ಹೊಂದುತ್ತದೆಯೇ, ಅದನ್ನು ಮಾಡಿದ ಸಾಮಗ್ರಿ ಇನ್ನೂ ಗಟ್ಟಿಯಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಬೆಲೆ ನಿಲ್ಲುತ್ತದೆ. ಮೂಲ ವಸ್ತುವಿಗೆ ವಯಸ್ಸಾದಷ್ಟೂ ಮೌಲ್ಯ ಏರುತ್ತದೆ. ಪ್ರತಿಕೃತಿಗೆ ವಯಸ್ಸು ಎರಡೂ ಕಡೆ ಕೊಯ್ಯುವ ಕತ್ತಿ.

ಮೂಲ ಮತ್ತು ನಕಲು

ವ್ಯಾಪಾರದಲ್ಲಿ ಮೊದಲ ವಿಂಗಡಣೆ, ಚಿತ್ರೀಕರಣದಲ್ಲಿ ಬಳಕೆಯಾದದ್ದು ಮತ್ತು ಆಗದ್ದು ಎಂಬುದು. ಬಳಕೆಯಾದ ವಸ್ತುಗಳಲ್ಲೂ ಹತ್ತಿರದ ಶಾಟ್‌ಗಾಗಿ ನಾಜೂಕಾಗಿ ಮಾಡಿದ್ದನ್ನು ‘ಹೀರೋ’ ಎಂದೂ ಹೊಡೆದಾಟಕ್ಕೆ ರಬ್ಬರಿನಲ್ಲಿ ಎರೆದದ್ದನ್ನು ‘ಸ್ಟಂಟ್’ ಎಂದೂ ಕರೆಯುತ್ತಾರೆ. ಇವುಗಳ ಬೆಲೆ ಸಾಮಾನ್ಯ ಸಂಗ್ರಾಹಕರ ಕೈಮೀರಿ ಹೋಗಿ ಬಹಳ ಕಾಲವಾಯಿತು. 1941ರ ‘ದ ಮಾಲ್ಟೀಸ್ ಫಾಲ್ಕನ್’ ಚಿತ್ರದ ಸೀಸದ ಗಿಡುಗ 2013ರಲ್ಲಿ ಬಾನಮ್ಸ್ ಹರಾಜಿನಲ್ಲಿ 40 ಲಕ್ಷ ಡಾಲರ್ ದಾಟಿತು. ‘ಸ್ಟಾರ್ ವಾರ್ಸ್’ನ ಹ್ಯಾನ್ ಸೋಲೋ ಪಾತ್ರದ ಬಂದೂಕಿಗೆ 2022ರಲ್ಲಿ 10,57,500 ಡಾಲರ್ ಬಂತು. ‘ಸಿಟಿಜನ್ ಕೇನ್’ನ ಹಿಮಬಂಡಿ ‘ರೋಸ್‌ಬಡ್’ 2025ರಲ್ಲಿ 1 ಕೋಟಿ 47 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಈ ಎತ್ತರವೇ ಪ್ರತಿಕೃತಿಗಳ ಉದ್ಯಮಕ್ಕೆ ಅನ್ನ ಹಾಕಿದೆ. ಮೂಲ ಸಿಗದವರು ಅದರ ಪಡಿಯಚ್ಚಿಗಾದರೂ ಕೈಚಾಚುತ್ತಾರೆ. ಹಾಗೆಂದು ಮೂಲದ ಬೆಲೆ ಹತ್ತು ಪಟ್ಟಾದರೆ ಪ್ರತಿಕೃತಿಯದೂ ಹತ್ತು ಪಟ್ಟಾಗುತ್ತದೆ ಎಂದಲ್ಲ. ಹರಾಜಿನ ಸುದ್ದಿ ಬಂದ ವಾರ ಬೇಡಿಕೆ ತುಸು ಏರಿ ಮತ್ತೆ ತಣ್ಣಗಾಗುವುದೇ ಹೆಚ್ಚು.

ಮಾಲ್ಟೀಸ್ ಗಿಡುಗದ ವಿಷಯದಲ್ಲಿ ಒಂದು ವಿನೋದವಿದೆ. ಚಿತ್ರದ ಕಥೆಯಲ್ಲೇ ಅದು ನಕಲಿ ಎಂದು ಕೊನೆಗೆ ಬಯಲಾಗುತ್ತದೆ. ನಕಲಿಯ ಪಾತ್ರ ವಹಿಸಿದ ಮೂಲಕ್ಕೆ ಲಕ್ಷಾಂತರ ಡಾಲರ್. ಅದರ ನಕಲುಗಳು ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಜಾನ್ಸ್ ಗ್ರಿಲ್ ಎಂಬ ಹೋಟೆಲಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಇಂಥದೊಂದು ಪ್ರತಿಕೃತಿ 2007ರಲ್ಲಿ ಕಳವಾದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆ ಪ್ರತಿಯ ಮೇಲೆ ಚಿತ್ರದ ನಟ ಎಲಿಷಾ ಕುಕ್ ಅವರ ಸಹಿ ಇತ್ತು. ಒಂದು ಸಹಿ ಬಿದ್ದರೆ, ಒಂದು ಪ್ರಸಿದ್ಧ ಜಾಗದಲ್ಲಿ ಕೆಲಕಾಲ ಇದ್ದರೆ ಪ್ರತಿಕೃತಿಗೂ ತನ್ನದೇ ಆದ ಚರಿತ್ರೆ ಅಂಟಿಕೊಳ್ಳುತ್ತದೆ. ಬೆಲೆಯೂ ಅದರ ಬೆನ್ನು ಹತ್ತುತ್ತದೆ.

ಕೆಂಪು ಪಾದರಕ್ಷೆಗಳ ಪ್ರಸಂಗ

ಮರುಮಾರಾಟದ ಸ್ವಭಾವ ತಿಳಿಯಲು ‘ದ ವಿಜರ್ಡ್ ಆಫ್ ಆಜ್’ (1939) ಚಿತ್ರದಲ್ಲಿ ಜೂಡಿ ಗಾರ್ಲೆಂಡ್ ತೊಟ್ಟ ಕೆಂಪು ಮಿಣುಕಿನ ಪಾದರಕ್ಷೆಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1970ರಲ್ಲಿ ಎಂಜಿಎಂ ಸ್ಟುಡಿಯೊ ತನ್ನ ಉಗ್ರಾಣ ಖಾಲಿ ಮಾಡಿದಾಗ ಒಂದು ಜೋಡಿ 15,000 ಡಾಲರಿಗೆ ಮಾರಾಟವಾಯಿತು. ಆ ಕಾಲಕ್ಕೆ ಅದೇ ಬೆರಗುಗೊಳಿಸುವ ಮೊತ್ತ. ಇನ್ನೊಂದು ಜೋಡಿ 2005ರಲ್ಲಿ ಮಿನೆಸೋಟಾದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2018ರಲ್ಲಿ ಎಫ್‌ಬಿಐ ಕೈಗೆ ಸಿಕ್ಕಿ, 2024ರ ಡಿಸೆಂಬರಿನಲ್ಲಿ ಹೆರಿಟೇಜ್ ಹರಾಜಿನಲ್ಲಿ 2.8 ಕೋಟಿ ಡಾಲರಿಗೆ ಬಿಕರಿಯಾಯಿತು. ಹರಾಜು ಸಂಸ್ಥೆಯ ಶುಲ್ಕ ಸೇರಿ 3.25 ಕೋಟಿ.

ಇವುಗಳ ಪ್ರತಿಕೃತಿಯ ಕಥೆ ಬೇರೆಯೇ ದಾರಿ ಹಿಡಿಯಿತು. ಚಿತ್ರಕ್ಕೆ 50 ವರ್ಷ ತುಂಬಿದ 1989ರಲ್ಲಿ, ವೆಸ್ಟರ್ನ್ ಕಾಸ್ಟ್ಯೂಮ್ ಕಂಪನಿ ಗಾರ್ಲೆಂಡ್ ಅವರ ಕಾಲಿನ ಮೂಲ ಅಚ್ಚಿನ ಮೇಲೆ, ಕೈಯಿಂದ ಮಿಣುಕು ಹೊಲಿದು ಪ್ರತಿಕೃತಿ ತಯಾರಿಸಿತು. 500 ಜೋಡಿ ಮಾಡುವುದು, ಜೋಡಿಗೆ 5,000 ಡಾಲರ್ ಎಂಬುದು ಲೆಕ್ಕಾಚಾರ. ಮಾರಾಟವಾದದ್ದು 16 ಜೋಡಿ ಮಾತ್ರ. ಯೋಜನೆ ಅಲ್ಲಿಗೆ ನಿಂತುಹೋಯಿತು. ವ್ಯಾಪಾರವಾಗಿ ನೋಡಿದರೆ ಸಂಪೂರ್ಣ ಸೋಲು. ಆದರೆ ಆ ಹದಿನಾರರಲ್ಲಿ ಒಂದು 2011ರಲ್ಲಿ ಹರಾಜಿಗೆ ಬಂದಾಗ 35,000 ಡಾಲರ್ ತಂದಿತು. ಐನೂರೂ ಖರ್ಚಾಗಿದ್ದರೆ ಈ ಬೆಲೆ ಬರುತ್ತಿತ್ತೆ ಎಂಬುದು ಅನುಮಾನ. ಪೆಟ್ಟಿಗೆಯ ಮೇಲೆ ‘ಸೀಮಿತ ಆವೃತ್ತಿ’ ಎಂದು ಅಚ್ಚಾದ ಸಂಖ್ಯೆ ತಯಾರಕರ ಆಸೆಯನ್ನು ಹೇಳುತ್ತದೆ. ನಿಜಕ್ಕೂ ಎಷ್ಟು ಹೊರಬಂದವು ಎಂಬುದು ಬೇರೆ ಲೆಕ್ಕ, ಅನುಭವಿ ಖರೀದಿದಾರ ಹುಡುಕುವುದು ಅದನ್ನೇ. 1989ರಲ್ಲೇ ಆಭರಣ ಸಂಸ್ಥೆ ಹ್ಯಾರಿ ವಿನ್‌ಸ್ಟನ್ ಸಾವಿರಾರು ನಿಜವಾದ ಮಾಣಿಕ್ಯಗಳನ್ನು ಕೂಡಿಸಿ ಒಂದು ಜೋಡಿ ಮಾಡಿತ್ತು. ಅದನ್ನು ಪ್ರತಿಕೃತಿ ಎನ್ನುವುದಕ್ಕಿಂತ ಆಭರಣ ಎನ್ನುವುದೇ ಸರಿ. ಅದರ ಬೆಲೆ ಕಲ್ಲುಗಳದು, ಚಿತ್ರದ್ದಲ್ಲ.

ಕಲ್ಲು, ಚಿನ್ನಗಳ ಮಾತು ಬಂದಾಗ ನ್ಯೂಜಿಲೆಂಡಿನ ನೆಲ್ಸನ್ ಊರಿನ ಯೆನ್ಸ್ ಹ್ಯಾನ್ಸನ್ ಅಕ್ಕಸಾಲೆಯನ್ನು ಬಿಡುವಂತಿಲ್ಲ. ‘ದ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ಉಂಗುರ ಮಾಡಿಕೊಟ್ಟದ್ದು ಈ ಕಾರ್ಯಾಗಾರ. ಅದೇ ಉಂಗುರವನ್ನು ಇಂದಿಗೂ ಚಿನ್ನದಲ್ಲಿ ಮಾಡಿ ಮಾರುತ್ತದೆ. ಮೂಲವನ್ನು ಮಾಡಿದ ಕೈಯೇ ನಕಲನ್ನೂ ಮಾಡುವ ಅಪರೂಪದ ಪ್ರಕರಣ ಇದು. ಚಿನ್ನದುಂಗುರ ಎಷ್ಟೇ ಕೆಳಗಿಳಿದರೂ ತೂಕದ ಬೆಲೆಗಿಂತ ಕೆಳಗೆ ಹೋಗದು. ಆದರೆ ನಮ್ಮ ಒಡವೆ ಅಂಗಡಿಯಲ್ಲಿ ಹಳೆ ಬಳೆ ಕೊಟ್ಟಾಗ ಮಜೂರಿ ಕೈಬಿಟ್ಟು ಹೋಗುವಂತೆ, ಇಲ್ಲೂ ಕೆಲಸದ ಕೂಲಿ ಮರಳಿ ಬರುವುದು ಕಷ್ಟ.

ಬಿಡಿಭಾಗಗಳಿಂದ ಉದ್ಯಮಕ್ಕೆ

ಪ್ರತಿಕೃತಿಗಳ ಹವ್ಯಾಸಕ್ಕೆ ದೊಡ್ಡ ತಿರುವು ಕೊಟ್ಟದ್ದು 1977ರ ‘ಸ್ಟಾರ್ ವಾರ್ಸ್’. ಆ ಚಿತ್ರದ ಕಲಾವಿಭಾಗದ ಬಳಿ ಹಣ ಕಡಿಮೆಯಿತ್ತು. ಸೆಟ್ ಅಲಂಕಾರದ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಗ್ರೇಟ್ ಮಾರ್ಲ್‌ಬರೋ ಬೀದಿಯ ಕ್ಯಾಮೆರಾ ಅಂಗಡಿಯೊಂದರಲ್ಲಿ ಹಳೆಯ ಗ್ರಾಫ್ಲೆಕ್ಸ್ ಫ್ಲ್ಯಾಶ್‌ಗಳ ಲೋಹದ ಹಿಡಿಗಳನ್ನು ಕಂಡು, ಅವುಗಳಿಂದಲೇ ಲ್ಯೂಕ್ ಪಾತ್ರದ ಲೈಟ್‌ಸೇಬರಿನ, ಅಂದರೆ ಬೆಳಕಿನ ಖಡ್ಗದ, ಹಿಡಿ ಮಾಡಿದರು. ಓಬಿ-ವಾನ್ ಪಾತ್ರದ ಹಿಡಿಯಲ್ಲಿ ವಿಮಾನದ ಜೆಟ್ ಎಂಜಿನಿನ ಕೊಳವೆ, ಹಳೆಯ ಗ್ರೆನೇಡಿನ ಭಾಗ, ಸ್ನಾನದಮನೆಯ ನಲ್ಲಿಯ ತಿರುಗಣಿ ಎಲ್ಲ ಸೇರಿವೆ. ಹ್ಯಾನ್ ಸೋಲೋನ ಬಂದೂಕು ಮೂಲತಃ ಜರ್ಮನಿಯ ಮೌಸರ್ ಪಿಸ್ತೂಲು.

ಇದರ ಪರಿಣಾಮ ವಿಚಿತ್ರವಾಗಿತ್ತು. ಯಾವ ಬಿಡಿಭಾಗ ಎಲ್ಲಿಂದ ಬಂತೆಂದು ಅಭಿಮಾನಿಗಳು ಪತ್ತೆಹಚ್ಚಿದಂತೆ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಫ್ಲ್ಯಾಶ್ ಹಿಡಿಗಳಿಗೆ ಸಂಗ್ರಾಹಕರ ಬೆಲೆ ಬಂತು. ಹಳೆಯ ಕ್ಯಾಮೆರಾ ಸಂಗ್ರಹಿಸುವವರು ತಮ್ಮ ಫ್ಲ್ಯಾಶ್‌ಗಳು ಲೈಟ್‌ಸೇಬರುಗಳಾಗಿ ಕಾಣೆಯಾಗುವುದನ್ನು ಕಂಡು ಗೊಣಗಿದ್ದುಂಟು. ನಿಜವಾದ ಹಳೆಯ ಬಿಡಿಭಾಗಗಳಿಂದ ಜೋಡಿಸಿದ ಪ್ರತಿಕೃತಿಗೆ ಇಂದೂ ಮರುಮಾರಾಟದಲ್ಲಿ ಗಟ್ಟಿ ಬೆಲೆ ಇದೆ. ಕಾರಣ ಸರಳ: ಬಿಚ್ಚಿದರೂ ಪ್ರತಿ ಭಾಗಕ್ಕೂ ಬೇರೆಬೇರೆ ಗಿರಾಕಿ ಇದ್ದಾನೆ. ಇದರ ಜೊತೆಗೆ, ಹೊಸ ಅಚ್ಚಿನಲ್ಲಿ ಮಾಡಿದ ಗ್ರಾಫ್ಲೆಕ್ಸ್ ನಕಲುಗಳೂ ಬಂದಿವೆ. ಚಿತ್ರದ ಪ್ರತಿಕೃತಿಗಾಗಿ ಫ್ಲ್ಯಾಶ್‌ನ ಪ್ರತಿಕೃತಿ!

ಪರವಾನಗಿಯ ಬಾಗಿಲು

ಚಿತ್ರದ ಹಕ್ಕುದಾರರಿಂದ ಪರವಾನಗಿ ಪಡೆದು ಪ್ರತಿಕೃತಿ ತಯಾರಿಸುವ ಕಂಪನಿಗಳ ಬಾಳು ಒಪ್ಪಂದದ ಅವಧಿಯಷ್ಟೇ. 2000ದ ದಶಕದಲ್ಲಿ ಮಾಸ್ಟರ್ ರೆಪ್ಲಿಕಾಸ್ ಎಂಬ ಅಮೆರಿಕದ ಕಂಪನಿ ಲೈಟ್‌ಸೇಬರುಗಳನ್ನೂ ಶಿರಸ್ತ್ರಾಣಗಳನ್ನೂ ಸಂಖ್ಯೆ ಹಾಕಿದ ಫಲಕ, ಪ್ರಮಾಣಪತ್ರಗಳ ಸಮೇತ ಮಾರಿ ಸಂಗ್ರಾಹಕರ ಮೆಚ್ಚುಗೆ ಗಳಿಸಿತು. 2007ರ ಕೊನೆಗೆ ಅದರ ಸ್ಟಾರ್ ವಾರ್ಸ್ ಪರವಾನಗಿ ಮುಗಿಯಿತು. ಬೆಳಗುವ ಅಲಗಿನ ಸೇಬರುಗಳು ಹ್ಯಾಸ್ಬ್ರೊ ಕಡೆಗೆ, ಉನ್ನತ ದರ್ಜೆಯ ಪ್ರತಿಕೃತಿಗಳು ಇಎಫ್‌ಎಕ್ಸ್ ಕಡೆಗೆ ಹೋದವು. ಬಾಗಿಲು ಮುಚ್ಚಿದ ಮೇಲೆ ಮಾಸ್ಟರ್ ರೆಪ್ಲಿಕಾಸ್ ಮುದ್ರೆಯ ಹಿಡಿಗಳ ಬೆಲೆ ಏರಿತು. ಹೊಸ ಮಾಲು ಬರುವುದಿಲ್ಲ ಎಂಬ ಖಾತ್ರಿಯಿಂದಲೇ ಈ ಏರಿಕೆ.

ಆದರೆ ಆ ಖಾತ್ರಿ ಕಂಪನಿಗೆ ಮಾತ್ರ, ವಸ್ತುವಿಗಲ್ಲ. ಡಿಸ್ನಿ 2012ರಲ್ಲಿ ಸ್ಟಾರ್ ವಾರ್ಸ್‌ನ ನಿರ್ಮಾಣ ಸಂಸ್ಥೆ ಲೂಕಾಸ್‌ಫಿಲ್ಮ್ ಅನ್ನು ಕೊಂಡಿತು. 2019ರಲ್ಲಿ ತನ್ನ ಉದ್ಯಾನದಲ್ಲಿ ‘ಗ್ಯಾಲಕ್ಸೀಸ್ ಎಡ್ಜ್’ ತೆರೆದು ಲೈಟ್‌ಸೇಬರುಗಳನ್ನು ತಾನೇ ಮಾರತೊಡಗಿತು. ‘ಒಂದು ಒಳ್ಳೆಯ ಸೇಬರ್ ಇದ್ದರೆ ಸಾಕು’ ಎನ್ನುವವರಿಗೆ ಹೊಸದೇ ಸುಲಭವಾಗಿ ಸಿಗುವಾಗ ಹಳೆಯದಕ್ಕೆ ಹೆಚ್ಚು ಕೊಡುವ ಅಗತ್ಯ ಉಳಿಯಲಿಲ್ಲ. ಹಳೆಯ ಆವೃತ್ತಿಯನ್ನೇ ಬೇಡುವ ಸಣ್ಣ ವೃತ್ತ ಮಾತ್ರ ಉಳಿಯಿತು.

ಎಂದೆಂದಿಗೂ ತಯಾರಾಗುತ್ತಲೇ ಇರುವ ವಸ್ತುಗಳ ಪಾಡು ಇನ್ನೂ ಕನಿಷ್ಠ. ನೋಬಲ್ ಕಲೆಕ್ಷನ್ ಮಾರುವ ಹ್ಯಾರಿ ಪಾಟರ್ ಮಂತ್ರದಂಡ ಅಂಗಡಿಯಲ್ಲಿ ಯಾವಾಗಲೂ ಇರುವುದರಿಂದ ಮರುಮಾರಾಟದಲ್ಲಿ ಅರ್ಧ ಬೆಲೆ ಸಿಕ್ಕರೂ ಅದೃಷ್ಟ. ಯುನೈಟೆಡ್ ಕಟ್ಲರಿಯ ಲಾರ್ಡ್ ಆಫ್ ದ ರಿಂಗ್ಸ್ ಖಡ್ಗಗಳು ಎರಡರ ನಡುವೆ ನಿಲ್ಲುತ್ತವೆ. ಒಂದು ಮಾದರಿ ನಿಂತಾಗ ಬೆಲೆ ಏರುತ್ತದೆ, ಮರುಮುದ್ರಣದಂತೆ ಮತ್ತೆ ತಯಾರಾದಾಗ ಇಳಿಯುತ್ತದೆ. ಏರಿದಾಗ ಕೊಂಡವರ ಗತಿ ಹೇಳಬೇಕಾಗಿಲ್ಲ.

ನಿಖರತೆಯ ಗಡಿ ಸರಿಯುವುದು

ಬೆಲೆ ಕುಸಿತಕ್ಕೆ ಅತ್ಯಂತ ಕುತೂಹಲದ ಕಾರಣ ಜ್ಞಾನದ ಬೆಳವಣಿಗೆ. 1982ರ ‘ಬ್ಲೇಡ್ ರನ್ನರ್’ನಲ್ಲಿ ಹ್ಯಾರಿಸನ್ ಫೋರ್ಡ್ ಹಿಡಿದ ಬಂದೂಕನ್ನು ನೋಡಿ. ಆಸ್ಟ್ರಿಯಾದ ಸ್ಟೈಯರ್ ಮಾನ್‌ಲಿಕರ್ ಬೇಟೆ ಬಂದೂಕಿನ ಭಾಗವನ್ನು ಅಮೆರಿಕದ ಚಾರ್ಟರ್ ಆರ್ಮ್ಸ್ ರಿವಾಲ್ವರಿಗೆ ಕಸಿ ಮಾಡಿ, ಜೇನುಬಣ್ಣದ ಪಾರದರ್ಶಕ ಹಿಡಿ ಕೂರಿಸಿ, ಪಕ್ಕದಲ್ಲಿ ಪುಟ್ಟ ದೀಪಗಳನ್ನಿಟ್ಟು ಅದನ್ನು ಕಟ್ಟಿದ್ದರು. ಚಿತ್ರದಲ್ಲಿ ಅದು ಕತ್ತಲು, ಮಳೆಯ ನಡುವೆ ಅರೆಬರೆ ಕಾಣುತ್ತದೆ. ಮೂಲ ಎಲ್ಲಿದೆ ಎಂದು ಹವ್ಯಾಸಿಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಗೊತ್ತಿರಲಿಲ್ಲ. ಹಾಗಾಗಿ ಆಗಿನ ಪ್ರತಿಕೃತಿಗಳು ಸ್ಥಿರಚಿತ್ರಗಳನ್ನೂ ಸ್ಟಂಟಿಗೆ ಎರೆದ ರಬ್ಬರ್ ತುಂಡುಗಳನ್ನೂ ನೋಡಿ ಮಾಡಿದಂಥವು. ಮೊಳೆಯ ತಲೆ ಎಲ್ಲಿದೆ, ದೀಪ ಎಷ್ಟು, ಹಿಡಿಯ ಬಾಗು ಎಷ್ಟು ಎಂಬುದೆಲ್ಲ ಊಹೆ.

2006ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ನಡೆದ ವಿಶ್ವ ವಿಜ್ಞಾನಕಥಾ ಸಮ್ಮೇಳನದಲ್ಲಿ ಮೂಲ ಬಂದೂಕೇ ಪ್ರದರ್ಶನಕ್ಕೆ ಬಂತು. ಅದರ ಚಿತ್ರಗಳು ಎಲ್ಲೆಡೆ ಹರಡಿದ ಮೇಲೆ ಹಳೆಯ ಪ್ರತಿಕೃತಿಗಳ ತಪ್ಪುಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು. ಆ ಬಂದೂಕು 2009ರಲ್ಲಿ ಹರಾಜಿನಲ್ಲಿ 2 ಲಕ್ಷ 70 ಸಾವಿರ ಡಾಲರಿಗೆ ಹೋಯಿತು. ಹೊಸ ತಿಳಿವಳಿಕೆಯ ಮೇಲೆ ಜಪಾನಿನ ತೊಮೆನೊಸುಕೆ ಮುಂತಾದ ತಯಾರಕರು ಮಾಡಿದ ಆವೃತ್ತಿಗಳೇ ಈಗ ಮಾನದಂಡ. ಮೊನ್ನೆಯವರೆಗೆ ಉತ್ತಮವಾಗಿದ್ದ ಪ್ರತಿ ಒಂದು ಪ್ರದರ್ಶನದಿಂದ ಹಿಂದೆ ಬಿತ್ತು. ಅದಕ್ಕೆ ಬೆಲೆ ಕೊಡುವವರು ಇಂದು ಹವ್ಯಾಸದ ಚರಿತ್ರೆಯಲ್ಲಿ ಆಸಕ್ತಿ ಇರುವವರಷ್ಟೇ. ಇಂಥ ಅಪಾಯ ಮೂಲಕ್ಕೆ ಎಂದೂ ಇಲ್ಲ, ಏಕೆಂದರೆ ಮೂಲ ತಪ್ಪಾಗಿರಲು ಸಾಧ್ಯವೇ ಇಲ್ಲ.

ತ್ರೀಡಿ ಸ್ಕ್ಯಾನಿಂಗ್ ಮತ್ತು ಮನೆಯಲ್ಲೇ ನಡೆಸಬಹುದಾದ ತ್ರೀಡಿ ಮುದ್ರಣ ಬಂದ ಮೇಲೆ ಮಧ್ಯಮ ದರ್ಜೆಯ ಪ್ರತಿಕೃತಿಗಳಿಗೆ ಹೊಡೆತ ಬಿದ್ದಿದೆ. ಪದರದ ಗೆರೆಗಳನ್ನು ಉಜ್ಜಿ ಬಣ್ಣ ಬಳಿಯುವ ತಾಳ್ಮೆ ಇದ್ದವರಿಗೆ ಶಿರಸ್ತ್ರಾಣ ಈಗ ಕೆಲವು ವಾರದ ಕೆಲಸ.

ನಕಲಿನ ನಕಲು ಇದಕ್ಕಿಂತ ಹಳೆಯ ಪಿಡುಗು. ಒಬ್ಬರು ಶ್ರಮಪಟ್ಟು ಮಾಡಿದ ಪ್ರತಿಕೃತಿಯ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದು ರೆಸಿನ್ ಎರೆದು ಮಾರುವುದನ್ನು ಹವ್ಯಾಸಿಗಳು ‘ರೀಕಾಸ್ಟ್’ ಎನ್ನುತ್ತಾರೆ. ಹಾಗೆ ಮಾಡುವವರನ್ನು ಹತ್ತಿರ ಸೇರಿಸುವುದಿಲ್ಲ. ರೆಸಿನ್ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ. ಆ ಎರಕದಿಂದ ಇನ್ನೊಂದು ಅಚ್ಚು ತೆಗೆದರೆ ಮತ್ತಷ್ಟು. ಮೂರ್ನಾಲ್ಕು ತಲೆಮಾರು ದಾಟಿದ ಶಿರಸ್ತ್ರಾಣಕ್ಕೆ ಕ್ಯಾಲಿಪರ್ ಹಿಡಿದರೆ ಅಳತೆ ಸಣ್ಣದಾಗಿರುವುದು ಗೊತ್ತಾಗುತ್ತದೆ, ಅಂಚುಗಳು ಮೊಂಡಾಗಿರುತ್ತವೆ, ಹಿಂದಿನ ಎರಕದ ಗಾಳಿಗುಳ್ಳೆಯ ಗುರುತೂ ಜೊತೆಯಲ್ಲೇ ಬಂದಿರುತ್ತದೆ. ಬಲ್ಲವರು ಪರೀಕ್ಷಿಸುವುದು ಹೀಗೆ.

ಸಾಮಗ್ರಿಯ ಆಯುಷ್ಯ

ಚಿತ್ರತಂಡಕ್ಕೆ ಪರಿಕರ ಚಿತ್ರೀಕರಣದ ಕೆಲವು ವಾರ ಬಾಳಿದರೆ ಸಾಕು. ಪ್ರತಿಕೃತಿ ಗಾಜಿನ ಕಪಾಟಿನಲ್ಲಿ ದಶಕಗಳನ್ನು ಕಳೆಯಬೇಕು. ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟುತ್ತದೆ. ಲೇಟೆಕ್ಸ್ ಮುಖವಾಡ ಒಣಗಿ ಬಿರುಕು ಬಿಡುತ್ತದೆ. ಮೊದಮೊದಲ ಬೆಳಗುವ ಸೇಬರುಗಳಲ್ಲಿ ಬಳಸಿದ ಎಲೆಕ್ಟ್ರೋಲ್ಯುಮಿನಿಸೆಂಟ್ ಪಟ್ಟಿ ಉರಿಸಿದಷ್ಟೂ ಮಂಕಾಗುತ್ತದೆ. ಎಲ್‌ಇಡಿ ಬಂದ ಮೇಲೆ ಅವು ಹಿಂದೆ ಸರಿದವು. ಒಳಗೆ ಮರೆತ ಬ್ಯಾಟರಿ ಸೋರಿ ಸರ್ಕ್ಯೂಟ್ ತಿಂದುಹಾಕುವುದು ಎಲ್ಲಕ್ಕಿಂತ ಸಾಮಾನ್ಯವಾದ ನಷ್ಟ.

‘ಬ್ಯಾಕ್ ಟು ದ ಫ್ಯೂಚರ್’ ಎರಡನೆಯ ಭಾಗದ (1989) ನೈಕಿ ಮ್ಯಾಗ್ ಷೂಗಳು ಈ ಮಾತಿಗೆ ಬೆಲೆಬಾಳುವ ಸಾಕ್ಷಿ. 2011ರಲ್ಲಿ ನೈಕಿ ಸುಮಾರು 1,500 ಜೋಡಿಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರಿ, ಬಂದ ಹಣವನ್ನು ಪಾರ್ಕಿನ್‌ಸನ್ ಸಂಶೋಧನೆಗಾಗಿ ನಟ ಮೈಕಲ್ ಜೆ. ಫಾಕ್ಸ್ ಅವರ ಪ್ರತಿಷ್ಠಾನಕ್ಕೆ ಕೊಟ್ಟಿತು. 2016ರಲ್ಲಿ ತಾವಾಗಿ ಲೇಸು ಬಿಗಿಯುವ 89 ಜೋಡಿಗಳನ್ನು ಮುಖ್ಯವಾಗಿ ಲಾಟರಿಯ ಮೂಲಕ ಹಂಚಲಾಯಿತು. ಸಂಖ್ಯೆ ಕಡಿಮೆ, ಉದ್ದೇಶ ಒಳ್ಳೆಯದು, ತಯಾರಕನೂ ಚಿತ್ರಕ್ಕೆ ಮೂಲ ಷೂ ಒದಗಿಸಿದ ಕಂಪನಿಯೇ: ಬೆಲೆ ಏರಲು ಬೇಕಾದ ಎಲ್ಲವೂ ಇತ್ತು, ಏರಿತು ಕೂಡ. ಆದರೆ ಷೂಗಳ ಅಡಿಯಲ್ಲಿ ಬಳಸುವ ಪಾಲಿಯುರಿಥೇನ್ ಗಾಳಿಯ ತೇವ ಹೀರಿ ವರ್ಷಗಳಲ್ಲಿ ಪುಡಿಯಾಗುವ ಸ್ವಭಾವದ್ದು, ಪುನಃ ಚಾರ್ಜಾಗುವ ಬ್ಯಾಟರಿಗೂ ಆಯುಷ್ಯವಿದೆ. ಆದ್ದರಿಂದ ಇಂಥ ವಸ್ತುವನ್ನು ಕೊಳ್ಳುವವರು ‘ದೀಪ ಉರಿಯುತ್ತದೆಯೇ’ ಎಂದು ಮೊದಲು ಕೇಳುತ್ತಾರೆ.

ಕಾನೂನು

ಬ್ರಿಟನ್ನಿನಲ್ಲಿ ಆಂಡ್ರ್ಯೂ ಏನ್ಸ್‌ವರ್ತ್ 1976ರಲ್ಲಿ ಸ್ಟಾರ್ ವಾರ್ಸ್‌ಗಾಗಿ ಸ್ಟಾರ್ಮ್‌ಟ್ರೂಪರ್ ಶಿರಸ್ತ್ರಾಣಗಳನ್ನು ಮಾಡಿಕೊಟ್ಟಿದ್ದರು. 2004ರಿಂದ ಅವುಗಳ ಪ್ರತಿಕೃತಿ ಮಾರತೊಡಗಿದರು. ಲೂಕಾಸ್‌ಫಿಲ್ಮ್ ಮೊಕದ್ದಮೆ ಹೂಡಿ ಅಮೆರಿಕದಲ್ಲಿ 2 ಕೋಟಿ ಡಾಲರಿನ ತೀರ್ಪು ಪಡೆಯಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಮಾತ್ರ 2011ರ ಜುಲೈನಲ್ಲಿ, ಶಿರಸ್ತ್ರಾಣ ಚಿತ್ರನಿರ್ಮಾಣಕ್ಕೆ ಬೇಕಾದ ಉಪಯುಕ್ತ ವಸ್ತುವೇ ಹೊರತು ಶಿಲ್ಪಕೃತಿಯಲ್ಲ, ಆದ್ದರಿಂದ ಶಿಲ್ಪಕ್ಕಿರುವ ದೀರ್ಘಾವಧಿಯ ಕೃತಿಸ್ವಾಮ್ಯ ಅದಕ್ಕೆ ಸಲ್ಲದು ಎಂದಿತು. ಜೊತೆಗೆ ಅಮೆರಿಕದ ಕೃತಿಸ್ವಾಮ್ಯ ಉಲ್ಲಂಘನೆಯನ್ನು ಇಂಗ್ಲೆಂಡಿನ ನ್ಯಾಯಾಲಯ ವಿಚಾರಿಸಬಹುದು ಎಂದೂ ಹೇಳಿತು. ಹೀಗೆ ಒಂದೇ ವಸ್ತು ಒಂದು ದೇಶದಲ್ಲಿ ಸಲ್ಲುವ ಸರಕು, ಇನ್ನೊಂದರಲ್ಲಿ ಉಲ್ಲಂಘನೆ. ಪರವಾನಗಿ ಇಲ್ಲದಿದ್ದರೂ ಮೂಲ ತಯಾರಕನ ಕೈಯಿಂದ ಬಂದದ್ದು ಎಂಬ ಕಾರಣಕ್ಕೆ ಈ ಶಿರಸ್ತ್ರಾಣಗಳಿಗೆ ಪ್ರತ್ಯೇಕ ಗಿರಾಕಿಗಳಿದ್ದಾರೆ.

ಬಂದೂಕುಗಳ ಪ್ರತಿಕೃತಿಗೆ ಇನ್ನೂ ತೊಡಕು. ಬ್ರಿಟನ್ 2007ರ ಅಕ್ಟೋಬರಿನಿಂದ ನಿಜದಂತೆ ಕಾಣುವ ನಕಲಿ ಬಂದೂಕುಗಳ ಮಾರಾಟವನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿದೆ. ಗಡಿ ದಾಟಿಸಲಾಗದ ವಸ್ತುವಿಗೆ ಗಿರಾಕಿಗಳ ವ್ಯಾಪ್ತಿ ಒಂದೇ ದೇಶಕ್ಕೆ ಇಳಿಯುತ್ತದೆ.

ಮಾರುವಾಗ

ಕೇಳುವ ಬೆಲೆ ಮತ್ತು ಮಾರಿದ ಬೆಲೆ ಬೇರೆ. ಆನ್‌ಲೈನ್ ಮಳಿಗೆಗಳಲ್ಲಿ ವರ್ಷಗಟ್ಟಲೆ ಕೂತಿರುವ ದೊಡ್ಡ ಅಂಕಿಗಳನ್ನು ನೋಡಿ ತಮ್ಮ ಕಪಾಟಿನ ಮೌಲ್ಯ ಲೆಕ್ಕ ಹಾಕುವವರು ಬಹಳ. ನಂಬಬೇಕಾದದ್ದು ಮುಗಿದ ವ್ಯವಹಾರಗಳನ್ನು ಮಾತ್ರ. ಅದರಲ್ಲೂ ಮಳಿಗೆಯ ಕಮಿಷನ್, ಪ್ಯಾಕಿಂಗ್, ಕೊರಿಯರ್, ವಿಮೆ ಕಳೆಯಬೇಕು. ಶಿರಸ್ತ್ರಾಣದಂಥ ಟೊಳ್ಳು ವಸ್ತುವಿಗೆ ಕೊರಿಯರಿನವರು ತೂಕಕ್ಕಲ್ಲ, ಪೆಟ್ಟಿಗೆಯ ಗಾತ್ರಕ್ಕೆ ದುಡ್ಡು ಎಣಿಸುತ್ತಾರೆ. ಸಂಖ್ಯೆಯ ಫಲಕ, ಪ್ರಮಾಣಪತ್ರ, ಬಣ್ಣದ ಪೆಟ್ಟಿಗೆ, ಅದರ ಹೊರಗಿನ ಕಂದು ರಟ್ಟಿನ ಪೆಟ್ಟಿಗೆ ಎಲ್ಲ ಇದ್ದರೆ ಬೆಲೆ ಉಳಿಯುತ್ತದೆ. ರಟ್ಟಿನ ಪೆಟ್ಟಿಗೆಯನ್ನು ರದ್ದಿಗೆ ಹಾಕಿದವರು ಆಮೇಲೆ ಖಾಲಿ ಪೆಟ್ಟಿಗೆಯನ್ನೇ ಹುಡುಕಿ ಕೊಳ್ಳುವುದೂ ಉಂಟು. ವಾರವಾರ ಬಿಡಿಭಾಗ ಕಳಿಸಿ ಮಾದರಿ ಪೂರ್ಣಗೊಳಿಸುವ ಕಂತಿನ ಕಿಟ್‌ಗಳಲ್ಲಿ ಒಂದು ಸಂಚಿಕೆ ತಪ್ಪಿದರೂ ಉಳಿದದ್ದಕ್ಕೆ ಬೆಲೆ ಇಲ್ಲ. ಪೂರ್ತಿ ಕಟ್ಟಿದರೂ ಸುರಿದ ಹಣ ಮರಳುವುದು ಅಪರೂಪ.

ಭಾರತದಲ್ಲಿ

ಕನ್ನಡವೂ ಸೇರಿ ಭಾರತೀಯ ಚಿತ್ರಗಳ ಪರಿಕರಗಳಿಗೆ ಪರವಾನಗಿಯುಳ್ಳ ಪ್ರತಿಕೃತಿಗಳ ಉದ್ಯಮ ಇನ್ನೂ ನೆಲೆಯೂರಿಲ್ಲ. ಚಿತ್ರೀಕರಣ ಮುಗಿದ ವಸ್ತು ಗೋದಾಮಿಗೆ ಮರಳಿ, ಬಣ್ಣ ಬದಲಿಸಿಕೊಂಡು ಮುಂದಿನ ಚಿತ್ರಕ್ಕೆ ಹೋಗುವುದೇ ರೂಢಿ. ಬೆಂಗಳೂರಿನಂಥ ನಗರಗಳ ಸಂಗ್ರಾಹಕರ ಬಳಿ ಇರುವುದು ಹೆಚ್ಚಾಗಿ ಆಮದಾದ ಮಾಲು. ಆಟಿಕೆಗಳ ಮೇಲಿನ ಮೂಲ ಸೀಮಾಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಪ್ರತಿಕೃತಿಯನ್ನು ಅಧಿಕಾರಿ ಆಟಿಕೆ ಎಂದು ವರ್ಗೀಕರಿಸುತ್ತಾರೋ ಅಲಂಕಾರದ ವಸ್ತು ಎಂದೋ ಎಂಬುದರ ಮೇಲೆ ಖರ್ಚು ನಿಲ್ಲುತ್ತದೆ. ಸಾಗಣೆಯ ವೆಚ್ಚವನ್ನೂ ಸೇರಿಸಿಯೇ ಸುಂಕ ಲೆಕ್ಕ ಹಾಕುವುದರಿಂದ ದೊಡ್ಡ ಪೆಟ್ಟಿಗೆಗೆ ಎರಡು ಬಾರಿ ಪೆಟ್ಟು. ವಿದೇಶ ವ್ಯಾಪಾರ ನೀತಿಯಲ್ಲಿ, ಬಂಡವಾಳ ಸರಕುಗಳನ್ನು ಬಿಟ್ಟು ಇತರ ಬಳಸಿದ ವಸ್ತುಗಳ ಆಮದು ನಿರ್ಬಂಧಿತ ವರ್ಗದಲ್ಲಿದೆ. ಆದ್ದರಿಂದ ತಯಾರಿಕೆ ನಿಂತ ಹಳೆಯ ಪ್ರತಿಯನ್ನು ಹೊರಗಿನಿಂದ ತರಿಸುವುದು ಸಲೀಸಲ್ಲ. ಖಡ್ಗಗಳ ವಿಷಯದಲ್ಲಿ, ಒಂಬತ್ತು ಅಂಗುಲಕ್ಕಿಂತ ಉದ್ದನೆಯ ಹರಿತ ಅಲಗು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅಲಂಕಾರಕ್ಕೆ ಕೊಳ್ಳುವವರು ಮೊಂಡು ಅಂಚಿನದನ್ನೇ ಆರಿಸಬೇಕು. ಇವೆಲ್ಲದರ ಫಲವಾಗಿ, ಈಗಾಗಲೇ ದೇಶದೊಳಗಿರುವ ಸುಸ್ಥಿತಿಯ ಪ್ರತಿಯೊಂದು ಅಮೆರಿಕದ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗಬಹುದು: ಕೊಳ್ಳುವವರು ಹೋಲಿಸುವುದು ಅಲ್ಲಿನ ಅಂಗಡಿ ಬೆಲೆಯನ್ನಲ್ಲ, ಸುಂಕ ಕಟ್ಟಿ ಮನೆಗೆ ತಂದಾಗ ಬೀಳುವ ಒಟ್ಟು ಖರ್ಚನ್ನು. ಆದರೆ ಅದನ್ನು ಕೇಳುವ ಗಿರಾಕಿಗಳು ಬೆರಳೆಣಿಕೆಯಷ್ಟು. ಮಾರಲು ಹೊರಟವರು ಒಳ್ಳೆಯ ಬೆಲೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.